ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಗಾಡಿ ನಿಲ್ಲುವುದಿಲ್ಲ

ದೇವರಾಯನದುರ್ಗದಿಂದ ತುಮಕೂರಿನ ಕಡೆ ಇಳಿಯುವ ತಿರುವುಗಳಲ್ಲಿ ರಜೆಯ ದಿನ ಸಂಜೆ ಬ್ರೇಕ್ ಸುಟ್ಟ ವಾಸನೆ ಹೊಸದೇನಲ್ಲ. ಹತ್ತುವಾಗ ಎಂಜಿನ್ ಸದ್ದಿಗೆ ಖುಷಿಪಟ್ಟವರು ಇಳಿಯುವಾಗ ಗೇರನ್ನು ಮರೆತು, ಕಾಲನ್ನು ಬ್ರೇಕಿನ ಮೇಲೆ ಊರಿಕೊಂಡೇ ಬರುತ್ತಾರೆ. ಇದರ ಲೆಕ್ಕ ಸರಳ. ಯಾವ ಗಾಡಿಯಾದರೂ ಸರಿ, ನೆಟ್ಟಗೆ 100 ಮೀಟರ್ ಎತ್ತರ ಇಳಿದಾಗ ಹೊರಬರುವ ಶಕ್ತಿ, ಅದೇ ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಏಳು ಸಲ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಎಂಜಿನ್ ಅದರಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳದಿದ್ದರೆ ಅಷ್ಟೂ ಬ್ರೇಕಿನಲ್ಲಿ ಶಾಖವಾಗಬೇಕು. ಬೇರೆ ದಾರಿ ಇಲ್ಲ.

ಈ ಭಾಗದಲ್ಲಿ, ಅಂದರೆ ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಲ್ಲಿ ಹಳೆಯ ಜೀಪು ಕಟ್ಟಿಸುವ ಹುಡುಗರು ಕೇಳುವ ಮೊದಲ ಪ್ರಶ್ನೆ ಎಂಜಿನ್ನಿನದು, ಎರಡನೆಯದು ಟೈರಿನದು. ಬ್ರೇಕಿನ ಸರದಿ ಬರುವುದು ಒಂದು ಸಲ ಮೈ ನಡುಗಿದ ಮೇಲೆ. ಆಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಡಿಸ್ಕ್ ಹಾಕಿಸಿಬಿಡು.’ ಹಾಕಿಸಬಹುದು. ಆದರೆ ಡಿಸ್ಕ್ ಹಾಕಿಸುವುದೆಂದರೆ ಒಂದು ಬಿಡಿಭಾಗ ಬದಲಿಸುವುದು ಎಂದುಕೊಂಡವರ ಗಾಡಿಗಳೇ ಮುಂಚೆಗಿಂತ ಅಪಾಯಕಾರಿಯಾಗಿ ರಸ್ತೆಗೆ ಬರುತ್ತವೆ.

ಬಿಡಿಭಾಗ ತಂದು ಕಾರು ಕಟ್ಟಿಕೊಳ್ಳುವ ಹವ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್. 1957ರಲ್ಲಿ ಇಂಗ್ಲೆಂಡಿನಲ್ಲಿ ಲೋಟಸ್ ಸೆವೆನ್ ಬಂತು. ಪೂರ್ತಿ ಜೋಡಿಸಿದ ಕಾರಿಗೆ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಪೆಟ್ಟಿಗೆಯೊಳಗೆ ಜೋಡಿಸುವ ಸೂಚನೆ ಇಡುವಂತಿರಲಿಲ್ಲವಾದ್ದರಿಂದ ಬಿಚ್ಚುವ ಸೂಚನೆ ಇಟ್ಟು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಎಂದರು ಅನ್ನುವ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. 1973ರಿಂದ ಅದೇ ಕಾರನ್ನು ಕೇಟರ್‌ಹ್ಯಾಮ್ ಕಂಪನಿ ಮಾಡುತ್ತಿದೆ. ನಮ್ಮಲ್ಲಿ ಅಲಿಬಾಗಿನ ಚಿಂಕಾರಾ ಕಂಪನಿ ಅದೇ ಅಚ್ಚಿನ ರೋಡ್‌ಸ್ಟರ್ ಮಾಡಿತು, ಇಸುಜು 1.8 ಲೀಟರ್ ಎಂಜಿನ್ ಇಟ್ಟು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್‌ನವರು, ರೈಲು ಎಂಜಿನ್ ಕಟ್ಟುವ ಕಂಪನಿ, ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಫೈಬರ್ ಮೈಯ ಎರಡು ಸೀಟಿನ ಕಾರು ತಂದರು. ಅದರೊಳಗೆ ರೆನೋದ 1,149 ಸಿಸಿ ಎಂಜಿನ್. ಈ ಎರಡನ್ನೂ ರಸ್ತೆಯಲ್ಲಿ ಕಂಡವರು ಕಡಿಮೆ.

ನಮ್ಮ ಜಿಲ್ಲೆಯ ನಿಜವಾದ ಕಿಟ್ ಕಾರು ಜೀಪು. ಭಾರತದಲ್ಲಿ ಅದನ್ನು ಕಟ್ಟಲು ಶುರುಮಾಡಿದ್ದೇ ಕಿಟ್ ಆಗಿ. 1940ರ ದಶಕದ ಕೊನೆಗೆ ಮಹೀಂದ್ರಾದವರು ವಿಲ್ಲೀಸ್ ಕಂಪನಿಯ ಬಿಡಿಭಾಗ ತರಿಸಿ ಬಾಂಬೆಯಲ್ಲಿ ಜೋಡಿಸತೊಡಗಿದರು. ಇವತ್ತು ಹಳ್ಳಿಯ ಶೆಡ್ಡಿನಲ್ಲಿ ಮತ್ತೆ ಅದೇ ನಡೆಯುತ್ತದೆ. ಚಾಸಿಸ್ ಒಂದು ಕಡೆಯದು, ಗೇರ್‌ಬಾಕ್ಸ್ ಮಿಲಿಟರಿ ಹರಾಜಿನದು, ಡೀಸೆಲ್ ಎಂಜಿನ್ ಇನ್ನೆಲ್ಲಿಯದೋ. ಬ್ರೇಕ್ ಮಾತ್ರ ಮೊದಲಿನದೇ: ಹಳೆಯ ವಿಲ್ಲೀಸ್‌ನಲ್ಲಿ ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್, ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಎಲ್ಲಿಯಾದರೂ ಒಂದು ಪೈಪು ಸೋರಿತೆಂದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ.

ಆ ಡ್ರಮ್ಮಿನ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡಿ. ಇಬ್ಬರು ಕೂತ ಜೀಪು 1,200 ಕೆ.ಜಿ. ಅಂದುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರಲ್ಲಿರುವ ಚಲನಶಕ್ತಿ ಸುಮಾರು 296 ಕಿಲೊಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದಷ್ಟು ಶಾಖ ಇದು, ಆದರೆ ಒಲೆಯ ಮೇಲೆ ಕೆಲವು ನಿಮಿಷ ಹಿಡಿಯುವ ಕೆಲಸ ಇಲ್ಲಿ ನಾಲ್ಕು ಸೆಕೆಂಡಿನಲ್ಲಿ ಆಗಬೇಕು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ನಿಧಾನಕ್ಕೆ ಓಡಾಡಲೆಂದು ಮಾಡಿದ ಗಾಡಿಗೆ ಇನ್ನೂ ವೇಗದ ಎಂಜಿನ್ ಕೂರಿಸಿ, ಬ್ರೇಕನ್ನು ಹಾಗೇ ಬಿಡುವುದರ ಅರ್ಥ ಈ ಲೆಕ್ಕದಲ್ಲೇ ಇದೆ.

ಡ್ರಮ್ ಕಾದಾಗ ಹಿಗ್ಗುತ್ತದೆ. ಹಿಗ್ಗಿದರೆ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಲೈನಿಂಗಿನ ಹಿಡಿತವೂ ಕಾದಂತೆ ಕಡಿಮೆಯಾಗುತ್ತದೆ. ಡಿಸ್ಕ್ ಹಾಗಲ್ಲ. ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ. ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಹಳ್ಳ ದಾಟಿ ಬಂದರೆ ಒಂದೆರಡು ಸುತ್ತಿನಲ್ಲಿ ನೀರು ಕೊಡವಿಕೊಳ್ಳುತ್ತದೆ. 1953ರ ಲೆ ಮಾನ್ಸ್ ರೇಸನ್ನು ಜಾಗ್ವಾರ್ ಗೆದ್ದದ್ದು ಡನ್‌ಲಪ್ ಡಿಸ್ಕ್ ಬ್ರೇಕಿನ ಬಲದಿಂದ. ಎದುರಾಳಿಗಳ ಡ್ರಮ್ ಕಾದು ಕೈಕೊಡುತ್ತಿದ್ದಾಗ ಜಾಗ್ವಾರ್ ಓಡಿಸುವವರು ತಿರುವಿನ ಹತ್ತಿರದವರೆಗೂ ವೇಗ ಬಿಡದೆ ಬರಬಹುದಾಗಿತ್ತು.

ಆದರೆ ಬ್ರೇಕ್ ಗಾಡಿಯನ್ನು ನಿಲ್ಲಿಸುವುದಿಲ್ಲ, ಚಕ್ರವನ್ನು ನಿಲ್ಲಿಸುತ್ತದೆ. ಗಾಡಿ ನಿಲ್ಲುವುದು ಟೈರು ರಸ್ತೆಯನ್ನು ಹಿಡಿದಷ್ಟು ಮಾತ್ರ. ತಣ್ಣಗಿರುವ ಡ್ರಮ್ಮೇ ಒಂದು ತುಳಿತಕ್ಕೆ ಚಕ್ರವನ್ನು ಲಾಕ್ ಮಾಡುತ್ತಿದ್ದರೆ, ಡಿಸ್ಕ್ ಹಾಕಿದ ಮೇಲೂ ಆ ಮೊದಲ ತುಳಿತದಲ್ಲಿ ಗಾಡಿ ಒಂದಡಿಯೂ ಮುಂಚೆ ನಿಲ್ಲುವುದಿಲ್ಲ. ಡಿಸ್ಕಿನ ಲಾಭ ಕಾಣುವುದು ಐದನೆಯ, ಆರನೆಯ ತುಳಿತಕ್ಕೆ. ಸುಗ್ಗಿಯ ಹೊತ್ತಿಗೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿದ ರಸ್ತೆಯ ಮೇಲೆ ಜಗತ್ತಿನ ಅತ್ಯಂತ ದುಬಾರಿ ಬ್ರೇಕ್ ಕೂಡ ಹುಲ್ಲಿನ ಮೇಲೆ ಜಾರುತ್ತದೆ. ಮೂರು ವರ್ಷ ಬಿಸಿಲಲ್ಲಿ ನಿಂತು ಗಟ್ಟಿಯಾದ ಟೈರು ಇಟ್ಟುಕೊಂಡು, ಡಿಸ್ಕನ್ನು ಪ್ಯಾಡಿನಿಂದ ಅದುಮುವ ಕ್ಯಾಲಿಪರ್ ಹುಡುಕುವವರಿಗೆ ನನ್ನ ಮೊದಲ ಸಲಹೆ: ಆ ದುಡ್ಡಿನಲ್ಲಿ ಟೈರು ಹಾಕಿಸಿ.

ಟೈರು ಸರಿಯಿದೆ, ಡಿಸ್ಕ್ ಬೇಕೇ ಬೇಕು ಅಂದರೆ, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಶುರು ಮಾಡಬೇಕು. ಶೆಡ್ಡುಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿ. ಕಾಲಿನಿಂದ 30 ಕೆ.ಜಿ. ಒತ್ತಿದಿರಿ, ಪೆಡಲಿನ ಸನ್ನೆ ಅದನ್ನು ಆರರಷ್ಟು ಮಾಡಿತು ಎಂದಿಟ್ಟುಕೊಳ್ಳಿ. ಸಿಲಿಂಡರಿನ ಮೇಲೆ 180 ಕೆ.ಜಿ. ಬಿತ್ತು. ಸಿಲಿಂಡರಿನ ಬೋರ್ ಮುಕ್ಕಾಲು ಇಂಚಿನದಾದರೆ ಪೈಪಿನೊಳಗೆ ಸುಮಾರು 62 ಬಾರ್ ಒತ್ತಡ ಹುಟ್ಟುತ್ತದೆ. ಅದೇ ಒಂದು ಇಂಚಿನದಾದರೆ 35 ಬಾರ್. ಕಾಲು ಅದೇ, ಪೆಡಲ್ ಅದೇ, ಒತ್ತಡ ಹೆಚ್ಚುಕಡಿಮೆ ಅರ್ಧ. ಕ್ಯಾಲಿಪರಿನಲ್ಲಿ 54 ಮಿ.ಮೀ. ಪಿಸ್ಟನ್ ಇದ್ದರೆ ಪ್ಯಾಡಿನ ಮೇಲೆ ಮೊದಲನೆಯದರಲ್ಲಿ ಸುಮಾರು 1,450 ಕೆ.ಜಿ. ಬೀಳುತ್ತದೆ, ಎರಡನೆಯದರಲ್ಲಿ 810.

ಹಾಗಾದರೆ ಚಿಕ್ಕ ಸಿಲಿಂಡರೇ ಒಳ್ಳೆಯದಲ್ಲವೇ? ಅಲ್ಲೊಂದು ತೊಡಕಿದೆ. ಚಿಕ್ಕದು ಒಂದು ತುಳಿತಕ್ಕೆ ಕಡಿಮೆ ಆಯಿಲ್ ತಳ್ಳುತ್ತದೆ. ಮುಂದಿನ ಎರಡು ಪಿಸ್ಟನ್ ಅರ್ಧ ಮಿಲಿಮೀಟರ್ ಸರಿಯಬೇಕಾದರೆ ಮುಕ್ಕಾಲು ಇಂಚಿನ ಸಿಲಿಂಡರಿಗೆ ಪೆಡಲ್ ಸುಮಾರು 48 ಮಿ.ಮೀ. ಇಳಿಯಬೇಕು, ಒಂದು ಇಂಚಿನದಕ್ಕೆ 27 ಸಾಕು. ಪಿಸ್ಟನ್ ಸಂಖ್ಯೆ ಹೆಚ್ಚಿರುವ ದೊಡ್ಡ ಕ್ಯಾಲಿಪರ್ ತಂದು ಚಿಕ್ಕ ಸಿಲಿಂಡರಿಗೆ ಜೋಡಿಸಿದರೆ ಪೆಡಲ್ ನೆಲ ಮುಟ್ಟುತ್ತದೆ. ಅದಕ್ಕೆ ಹೆದರಿ ದೊಡ್ಡ ಸಿಲಿಂಡರ್ ಹಾಕಿದರೆ ಪೆಡಲ್ ಕಲ್ಲಿನಂತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ‘ಪೆಡಲ್ ಗಟ್ಟಿ ಇದೆ ಸಾರ್, ಸೂಪರಾಗಿದೆ’ ಎಂದು ಮೆಕ್ಯಾನಿಕ್ ಹೇಳಿದರೆ ಸಂತೋಷಪಡಬೇಡಿ. ಗಟ್ಟಿ ಪೆಡಲು ಒಳ್ಳೆಯ ಬ್ರೇಕಿನ ಗುರುತಲ್ಲ.

ಡ್ರಮ್ಮಿನಲ್ಲಿ ಮುಂದಿನ ಶೂ ಚಕ್ರದ ತಿರುಗುವಿಕೆಯಿಂದ ತಾನೇ ಹೊರಕ್ಕೆ ಒತ್ತಿಕೊಂಡು ಬಿಗಿಯುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ. ಆದ್ದರಿಂದಲೇ ಡಿಸ್ಕ್ ಇರುವ ಗಾಡಿಗಳಲ್ಲಿ ಬೂಸ್ಟರ್ ಇರುತ್ತದೆ, ಬೂಸ್ಟರಿಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಿಗುವುದಿಲ್ಲ, ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುವ ವ್ಯಾಕ್ಯೂಮ್ ಪಂಪ್ ಇರಲೇಬೇಕು. ಎಂಜಿನ್ ಬದಲಿಸುವಾಗ ಪಂಪ್ ಇಲ್ಲದ ಸಾದಾ ಆಲ್ಟರ್ನೇಟರ್ ಕೂರಿಸಿಬಿಟ್ಟರೆ ಬೂಸ್ಟರ್ ಇದ್ದೂ ಇಲ್ಲದಂತೆ. ಅಂಥ ಗಾಡಿಯಲ್ಲಿ ಬ್ರೇಕ್ ಸಾಲದೆನಿಸಿ ಇನ್ನೂ ದೊಡ್ಡ ಡಿಸ್ಕ್ ಹಾಕಿಸಿದರೆ ಕಾಯಿಲೆ ಒಂದು, ಮದ್ದು ಇನ್ನೊಂದು.

ಜೀಪಿನ ಇನ್ನೊಂದು ವಿಚಿತ್ರ ಅದರ ಮಾಸ್ಟರ್ ಸಿಲಿಂಡರ್ ಕೂತಿರುವ ಜಾಗ. ಹಳೆಯ ಮಾದರಿಯಲ್ಲಿ ಅದು ಕಾಲಿನ ಹಲಗೆಯ ಕೆಳಗೆ ಇದೆ. ಡ್ರಮ್ ಬ್ರೇಕಿಗೆಂದು ಮಾಡಿದ ಸಿಲಿಂಡರಿನೊಳಗೆ ಒಂದು ಪುಟ್ಟ ಕವಾಟ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ 10 ಪಿಎಸ್‌ಐ ಆಸುಪಾಸು ಒತ್ತಡ ಉಳಿಸುತ್ತದೆ. ಡಿಸ್ಕ್ ಹಾಕಿ ಅದನ್ನು ತೆಗೆಯದೆ ಬಿಟ್ಟರೆ ಪ್ಯಾಡು ಯಾವಾಗಲೂ ಸವರುತ್ತಾ ಇರುತ್ತದೆ. ಪಾವಗಡದ ಬಿಸಿಲಲ್ಲಿ ಹತ್ತಿಪ್ಪತ್ತು ಕಿ.ಮೀ. ಓಡಿದರೆ ಚಕ್ರ ಮುಟ್ಟಲಾಗುವುದಿಲ್ಲ. ಪೂರ್ತಿ ತೆಗೆದರೂ ಕಷ್ಟ, ಏಕೆಂದರೆ ಕ್ಯಾಲಿಪರು ಮೇಲೆ, ಸಿಲಿಂಡರು ಕೆಳಗೆ. ನಿಂತ ಗಾಡಿಯಲ್ಲಿ ಆಯಿಲ್ ನಿಧಾನಕ್ಕೆ ಹಿಂದಿಳಿದು ಬೆಳಿಗ್ಗೆ ಮೊದಲ ತುಳಿತ ಖಾಲಿ ಹೋಗುತ್ತದೆ. ಡಿಸ್ಕಿನ ಪೈಪಿಗೆ 2 ಪಿಎಸ್‌ಐ ಹಿಡಿಯುವ ಕವಾಟ ಹಾಕುವುದು ಇದಕ್ಕೆ ಉತ್ತರ. ಸಿಲಿಂಡರನ್ನೇ ಬಾನೆಟ್ಟಿನ ಕೆಳಗೆ, ಎಂಜಿನ್ ಹಿಂದಿನ ಗೋಡೆಯ ಮೇಲೆ ಕೂರಿಸಿ, ನೇತಾಡುವ ಪೆಡಲ್ ಜೋಡಿಸುವುದು ಇನ್ನೂ ಒಳ್ಳೆಯದು. ಬೂಸ್ಟರಿಗೂ ಆಗ ಜಾಗ ಸಿಗುತ್ತದೆ.

ಹ್ಯಾಂಡ್‌ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯ ಜೀಪಿನವರು ಅದೃಷ್ಟವಂತರು. ಅದು ಹಿಂದಿನ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಹಿಂದಕ್ಕೂ ಡಿಸ್ಕ್ ಹಾಕಿದರೆ ಬೇರೆ ಗಾಡಿಗಳವರಿಗೆ ಹ್ಯಾಂಡ್‌ಬ್ರೇಕ್ ಎಲ್ಲಿಂದ ತರುವುದೆಂಬ ಚಿಂತೆ, ಇವರಿಗಿಲ್ಲ. ಆದರೂ ಹಿಂದಕ್ಕೆ ಡಿಸ್ಕ್ ಹಾಕಿಸಬೇಡಿ ಎನ್ನುವವರ ಪೈಕಿ ನಾನು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಜೀಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಇಂಚು ಮಾತ್ರ, ಮೈಯೋ ಎತ್ತರ. ಗುರುತ್ವ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡು ಜೋರಾಗಿಯೇ ಬ್ರೇಕ್ ಒತ್ತಿದರೆ, 1,200 ಕೆ.ಜಿ.ಯಲ್ಲಿ ಸುಮಾರು 230 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ನಿಂತಾಗ ಆರುನೂರು-ಆರುನೂರು ಇದ್ದದ್ದು ಈಗ 830 ಮತ್ತು 370. ಹಿಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತ ಕಡಿಮೆಯಾದ ಹೊತ್ತಿನಲ್ಲಿ ಅಲ್ಲಿ ಜಾಸ್ತಿ ಬ್ರೇಕ್ ಕೊಟ್ಟರೆ ಅದು ಮೊದಲು ಲಾಕ್ ಆಗುತ್ತದೆ, ಗಾಡಿ ಹಿಂದುಮುಂದಾಗುತ್ತದೆ. ನೆಲಕ್ಕೆ ಅಂಟಿಕೊಂಡು ಹೋಗುವ ಲೋಟಸ್ ಸೆವೆನ್ನಿನಂಥ ಕಾರಿನಲ್ಲಿ ಈ ವಾಲುವಿಕೆ ತುಂಬ ಕಡಿಮೆ. ಅದಕ್ಕೆ ಒಪ್ಪಿದ ಬ್ರೇಕಿನ ಹಂಚಿಕೆ ಜೀಪಿಗೆ ಒಪ್ಪುವುದಿಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಹಿಂದಿನ ಪೈಪಿನಲ್ಲಿ ಒತ್ತಡ ತಗ್ಗಿಸುವ ವಾಲ್ವ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್: ಇಷ್ಟು ನನ್ನ ಆಯ್ಕೆ.

ಇನ್ನು ಕೂರಿಸುವ ಕೆಲಸ. ಕ್ಯಾಲಿಪರನ್ನು ಆಕ್ಸಲಿಗೆ ಹಿಡಿಸುವ ಬ್ರಾಕೆಟ್ಟನ್ನು ಲೇಥ್ ಅಂಗಡಿಯಲ್ಲಿ ಮಾಡಿಸುತ್ತಾರೆ. ಬ್ರೇಕ್ ಒತ್ತಿದಾಗ ಬೀಳುವ ಅಷ್ಟೂ ತಿರುಚು ಬಲ ಆ ತುಂಡು ಕಬ್ಬಿಣದ ಮೇಲೆ ಬೀಳುತ್ತದೆ. ಗ್ಯಾಸ್ ಕಟಿಂಗ್ ಮಾಡಿದ ಅಂಚನ್ನು ನುಣ್ಣಗೆ ಉಜ್ಜದೆ ಬಿಟ್ಟರೆ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಬೋಲ್ಟಿನ ತಲೆಯ ಮೇಲೆ 10.9 ಎಂಬ ಗುರುತು ನೋಡಿ ಹಾಕಿಸಿ. ಪೈಪು ಉಕ್ಕಿನದಿರಲಿ, ತುದಿ ಎರಡು ಮಡಿಕೆಯದಿರಲಿ. ಫ್ರಿಡ್ಜ್ ರಿಪೇರಿಯ ಸಾದಾ ತಾಮ್ರದ ಕೊಳವೆ ನಡುಗಿ ನಡುಗಿ ಬಿರುಕು ಬಿಡುತ್ತದೆ. ರಬ್ಬರ್ ಹೋಸ್ ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಜಾಕ್ ಹಾಕಿ ಚಕ್ರವನ್ನು ಇಳಿಬಿಟ್ಟು, ಹೋಸ್ ಎಳೆದುಕೊಳ್ಳುತ್ತದೆಯೇ, ಟೈರಿಗೆ ತಾಗುತ್ತದೆಯೇ ನೋಡಬೇಕು. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟುಬಿಡುವವರೇ ಜಾಸ್ತಿ.

ಎಷ್ಟು ಆಯಿಲ್ ಸುರಿದರೂ ಪೆಡಲ್ ಸ್ಪಂಜಿನಂತೆಯೇ ಇದೆ ಎಂಬ ದೂರು ಬಂದರೆ ಕ್ಯಾಲಿಪರಿನಲ್ಲಿ ಏರ್ ಬಿಡುವ ನಿಪ್ಪಲ್ ಎಲ್ಲಿದೆ ನೋಡಿ. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೇ ಉಳಿಯುತ್ತದೆ, ಇಡೀ ದಿನ ಪಂಪ್ ಮಾಡಿದರೂ ಏರ್ ಹೋಗುವುದಿಲ್ಲ. ಏರ್ ತೆಗೆಯುವಾಗ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಎಡಗಡೆಯ ಹಿಂದಿನ ಚಕ್ರದಿಂದ ಶುರು ಮಾಡುವುದು ವಾಡಿಕೆ. ಆಯಿಲ್ ಡಾಟ್ 4 ಇರಲಿ. ಹೊಸದು 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ, ನೀರು ಸೇರಿದಂತೆ 155ಕ್ಕೇ ಕುದಿಯುವ ಮಟ್ಟಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ, ಆವಿಯನ್ನು ಒತ್ತಿದರೆ ಒತ್ತಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಇಳಿಜಾರಿನಲ್ಲಿ ‘ಬ್ರೇಕ್ ಫೇಲ್’ ಎಂದು ಹೇಳುವ ಎಷ್ಟೋ ಪ್ರಕರಣಗಳ ಹಿಂದೆ ವರ್ಷಗಟ್ಟಲೆ ಬದಲಿಸದ ಆಯಿಲ್ ಇರುತ್ತದೆ. ಡಾಟ್ 5 ಎಂಬುದು ಸಿಲಿಕೋನ್, ಬೇರೆ ಜಾತಿ. ಅದನ್ನು ಇದರ ಜೊತೆ ಬೆರೆಸಬಾರದು. ಹೊಸ ಪ್ಯಾಡು ಹಾಕಿದ ದಿನವೇ ಬೆಟ್ಟ ಇಳಿಯಬೇಡಿ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತಾರು ಸಲ ಇಳಿಸಿ, ನಡುವೆ ಆರಲು ಬಿಟ್ಟು ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು.

ಕೈಯಲ್ಲಿ ಕಟ್ಟಿದ ಗಾಡಿಯ ಬ್ರೇಕನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಕಲಿಯಬಹುದು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಹುಟ್ಟಿದ್ದು, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಕಾರು ಕಟ್ಟುತ್ತಾ ಬಂದಿದೆ. ಆ ಸ್ಪರ್ಧೆಯ ನಿಯಮ ಬಿಗಿ. ಬ್ರೇಕಿಗೆ ಎರಡು ಪ್ರತ್ಯೇಕ ಸರ್ಕ್ಯೂಟ್ ಇರಬೇಕು. ಪೆಡಲ್ 2,000 ನ್ಯೂಟನ್, ಅಂದರೆ ಇನ್ನೂರು ಕೆ.ಜಿ.ಗೂ ತುಸು ಹೆಚ್ಚು ಒತ್ತಿದರೂ ಬಗ್ಗಿ ಮುರಿಯಬಾರದು. ಪೆಡಲ್ ಮಿತಿ ಮೀರಿ ಇಳಿದರೆ ಕಾರು ತಾನೇ ಬಂದ್ ಆಗುವ ಸ್ವಿಚ್ ಇರಬೇಕು. ಕೊನೆಗೆ ಓಡಿಸಿ, ತುಳಿದು, ನಾಲ್ಕೂ ಚಕ್ರ ಲಾಕ್ ಆಗಿದ್ದನ್ನು ಪರೀಕ್ಷಕರಿಗೆ ತೋರಿಸಬೇಕು. ಇಲ್ಲವಾದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಒಂದು ಸೀಟಿನ, ಖಾಲಿ ಟ್ರ್ಯಾಕಿನಲ್ಲಿ ಓಡುವ ಕಾರಿಗೆ ಇಷ್ಟು. ಎಂಟು ಜನ ಹತ್ತಿ ಮದುವೆಗೆ ಹೋಗುವ ಜೀಪಿಗೆ ನಮ್ಮಲ್ಲಿ ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದರೆ ಪರೀಕ್ಷೆ ಮುಗಿಯಿತು.

ಕಾನೂನಿನ ಮಾತು ಕಹಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು ಬರೆಯಲಾಯಿತು. ಆರ್‌ಸಿ ಕಾರ್ಡಿನಲ್ಲಿ ಬ್ರೇಕಿನ ಅಂಕಣವೇ ಇಲ್ಲವಲ್ಲ ಎಂದು ವಾದಿಸುವವರಿದ್ದಾರೆ. ವಾದ ಶೆಡ್ಡಿನಲ್ಲಿ ನಡೆಯುತ್ತದೆ. ಅಪಘಾತವಾದ ಮೇಲೆ ವಿಮಾ ಕಂಪನಿಯ ಮುಂದೆ ನಡೆಯುವುದು ಅನುಮಾನ. ಇಂಗ್ಲೆಂಡಿನಲ್ಲಿ ಒಂದೊಂದೇ ಕಾರು ಕಟ್ಟಿದವರಿಗೂ ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಅಂಥ ದಾರಿ ಇಲ್ಲದಿರುವುದರಿಂದ ಕಳಪೆ ಕೆಲಸವೂ ಒಳ್ಳೆಯ ಕೆಲಸವೂ ಒಂದೇ ಕತ್ತಲೆಯಲ್ಲಿ ನಡೆಯುತ್ತವೆ. ಬ್ರೇಕನ್ನು ಉತ್ತಮಪಡಿಸುವ ಬದಲಾವಣೆಗಾದರೂ ಸಾರಿಗೆ ಇಲಾಖೆ ಅಳೆದು ನೋಡಿ ಒಪ್ಪಿಗೆ ಕೊಡುವ ಕ್ರಮ ತರಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೇಗೂ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುತ್ತದೆ. ಅಲ್ಲಿಯೇ ಇದನ್ನೂ ಮಾಡಬಹುದು.

ಅಲ್ಲಿಯವರೆಗೆ, ಕೊರಟಗೆರೆಯ ಚಪ್ಪಟೆ ರಸ್ತೆಯಲ್ಲಿ ತೋಟಕ್ಕೆ ಹೋಗಿಬರುವ ಜೀಪಿಗೆ ಹೊಸ ಶೂ, ತಿರುಗಿಸಿ ಸಮ ಮಾಡಿದ ಡ್ರಮ್, ಹೊಸ ಹೋಸ್, ತಾಜಾ ಆಯಿಲ್ ಸಾಕು. ಶಿರಾ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸುವವರು, ಬೆಟ್ಟ ಹತ್ತಿಳಿಯುವವರು ಡಿಸ್ಕಿನ ಯೋಚನೆ ಮಾಡಬಹುದು. ಕ್ಯಾಲಿಪರ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ ಹತ್ತುವ ಮುಂಚೆ ಮಧುಗಿರಿಯ ಆರ್‌ಟಿಒ ಕಚೇರಿಗೆ ಹೋಗಿ, ಏನು ಮಾಡಲಿದ್ದೀರೆಂದು ಬರವಣಿಗೆಯಲ್ಲಿ ಕೊಟ್ಟು, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.